ತವರಿನ ಪೇಟೆಗೆ ತಿಂಗಳ ಕೆಲಸ: ಚನ್ನಪಟ್ಟಣದ ಕುಂಕುಮ ಭರಣಿ ಮತ್ತು ನನ್ನ ಅನುಭವ

ನನ್ನ ತವರು ಚನ್ನಪಟ್ಟಣ. ಮದುವೆಯಾಗಿ ಬೆಂಗಳೂರಿನ ವಿಜಯನಗರಕ್ಕೆ ಬಂದ ಮೇಲೆ, ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಡುವ ಉಡುಗೊರೆಗಳನ್ನು ಒದಗಿಸುವ ಸಣ್ಣ ವ್ಯವಹಾರವನ್ನು ಮನೆಯಿಂದಲೇ ನಡೆಸುತ್ತಿದ್ದೇನೆ. ಮೊದಲ ಹಲವು ವರ್ಷ ನಾನು ಸಾಮಾನನ್ನೆಲ್ಲ ಚಿಕ್ಕಪೇಟೆ, ಮಾಮೂಲುಪೇಟೆಗಳ ಸಗಟು ಅಂಗಡಿಗಳಿಂದಲೇ ತರುತ್ತಿದ್ದೆ. ಬೊಂಬೆಗಳ ಊರಿನಲ್ಲಿ ಹುಟ್ಟಿಯೂ, ಸುಮಾರು 60 ಕಿಲೋಮೀಟರ್ ದೂರದ ಆ ಊರಿನಿಂದ ಒಂದು ಬುಗುರಿಯನ್ನಾದರೂ ತರಿಸಿ ಮಾರಬೇಕೆಂದು ನನಗೆ ಅನ್ನಿಸಿರಲಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಮೈಸೂರಿಗೆ ಹೋಗುವ ಕಾರು ಬಸ್ಸುಗಳೆಲ್ಲ ಊರಿನ ಒಳಗೇ ಹಾದುಹೋಗುತ್ತಿದ್ದವು; ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದವರು ಚನ್ನಪಟ್ಟಣದಲ್ಲಿ ಬೊಂಬೆ ಕೊಂಡು, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಮುಂದೆ ಹೋಗುತ್ತಿದ್ದರು. ಹೊಸ ರಸ್ತೆ ಊರನ್ನು ಬಳಸಿಕೊಂಡು ಹೋಯಿತು. ಪ್ರಯಾಣ ಹಗುರವಾಯಿತು, ನನಗೂ ಆಯಿತು. ಆ ರಸ್ತೆ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಹೋದಾಗ, ಹಳೆಯ ರಸ್ತೆಯ ಬದಿಯಲ್ಲಿ ನನಗೆ ಚಿಕ್ಕಂದಿನಿಂದ ಪರಿಚಯವಿದ್ದ ಅಂಗಡಿಗಳಲ್ಲಿ ಕೆಲವು ಹಗಲಿನಲ್ಲೇ ಬಾಗಿಲು ಹಾಕಿದ್ದುದನ್ನು ಕಂಡು ಸಂಕಟವಾಯಿತು.

ನಾನು ಮೊದಲು ಮಾಡಿದ ಕೆಲಸದಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ನಮ್ಮ ಬೀದಿಯ ಹದಿನಾಲ್ಕು ಹೆಂಗಸರನ್ನು ಒಂದು ಟೆಂಪೊದಲ್ಲಿ ಕರೆದುಕೊಂಡು ಹೋಗಿ ಒಂದು ದಿನವೆಲ್ಲ ಬೊಂಬೆ ಕೊಡಿಸಿದೆ. ಆ ದಿನದ ವ್ಯಾಪಾರ ಚೆನ್ನಾಗಿಯೇ ಆಯಿತು, ಆದರೆ ಮಾರನೆಯ ದಿನದಿಂದ ಅಂಗಡಿ ಮೊದಲಿನಂತೆಯೇ ಇತ್ತು. ಲೇತಿನಲ್ಲಿ ಕಡೆಯುವ ಕೆಲಸದಲ್ಲೇ ತಲೆ ನರೆತ ಹಿರಿಯರೊಬ್ಬರು, ನಮ್ಮ ತಂದೆಯವರ ಪರಿಚಯದವರು, ಅಂದು ನನಗೆ ಹೇಳಿದ ಮಾತು ಇಷ್ಟು: "ಒಂದೇ ಸಲಕ್ಕೆ ಸಾವಿರ ರೂಪಾಯಿಯ ವ್ಯಾಪಾರ ಬೇಡಮ್ಮ, ತಿಂಗಳು ತಿಂಗಳು ನೂರು ರೂಪಾಯಿಯ ಕೆಲಸ ಕೊಡು."

ಆ ಮಾತನ್ನು ಅರ್ಧ ಮಾತ್ರ ಅರ್ಥ ಮಾಡಿಕೊಂಡು ನಾನು ಮಾಡಿದ ಎರಡನೆಯ ತಪ್ಪು ದೊಡ್ಡದು. ಒಂದು ಮದುವೆಗೆ 600 ಕುಂಕುಮ ಭರಣಿಗಳನ್ನು ಇಪ್ಪತ್ತೈದು ದಿನಗಳಲ್ಲಿ ಕೊಡಬೇಕೆಂದು ಒಂದೇ ಕುಟುಂಬದ ಮೇಲೆ ಹೊರೆ ಹಾಕಿದೆ. ಚನ್ನಪಟ್ಟಣದ ಬೊಂಬೆಗೆ ಬಳಸುವುದು ಹೆಚ್ಚಾಗಿ ಆಲೆ ಮರ. ಕತ್ತರಿಸಿದ ಮರ ತಿಂಗಳುಗಟ್ಟಲೆ ಒಣಗಬೇಕು. ಲೇತಿನಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಈ ಕೆಲಸದಲ್ಲಿ ಕೈಯನ್ನು ಬೇಗ ಓಡಿಸಬಹುದೇ ಹೊರತು ಮರವನ್ನು ಬೇಗ ಒಣಗಿಸಲು ಬರುವುದಿಲ್ಲ. ಅವರಲ್ಲಿದ್ದ ಒಣ ಮರ ಮುಗಿದು, ಉಳಿದ ಭರಣಿಗಳಿಗೆ ಹಸಿ ಮರವನ್ನೇ ಬಳಸಬೇಕಾಯಿತು. ಮದುವೆಯ ಹೊತ್ತಿಗೆ ನೂರಕ್ಕೂ ಹೆಚ್ಚು ಭರಣಿಗಳ ಮುಚ್ಚಳ ಬಿಗಿದುಕೊಂಡಿತ್ತು, ಕೆಲವು ಬಿರುಕು ಬಿಟ್ಟಿದ್ದವು. ನಷ್ಟವನ್ನು ನಾನೇ ಹೊತ್ತೆ. ಅವಸರ ಮಾಡಿದವಳು ನಾನಾದ್ದರಿಂದ ಅದನ್ನು ಅವರ ತಲೆಗೆ ಕಟ್ಟುವುದು ನ್ಯಾಯವಾಗಿರಲಿಲ್ಲ.

ಅಲ್ಲಿಂದ ಮುಂದೆ ಪಂಚಾಂಗವನ್ನು ಮುಂದಿಟ್ಟುಕೊಂಡು ಕೆಲಸ ಹಂಚತೊಡಗಿದೆ. ನಮ್ಮ ಕಡೆ ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲ. ಉಡುಗೊರೆ ವ್ಯವಹಾರದವರು ಆಗ ಕೈಕಟ್ಟಿ ಕೂರುತ್ತಾರೆ, ಅವರಿಗೆ ಸಾಮಾನು ಮಾಡಿಕೊಡುವವರೂ ಕೂರುತ್ತಾರೆ. ನಾನು ಆಷಾಢದಲ್ಲೇ ನವರಾತ್ರಿಯ ಗೊಂಬೆಗಳಿಗೂ ಕಾರ್ತಿಕದ ಮದುವೆಗಳ ಭರಣಿಗಳಿಗೂ ಅರ್ಧ ಹಣ ಮುಂಗಡ ಕೊಟ್ಟು ಕೆಲಸ ಹಿಡಿಸುತ್ತೇನೆ. ಒಂದೇ ಮನೆಗೆ ಕೊಡದೆ ನಾಲ್ಕು ಕುಟುಂಬಗಳಿಗೆ ಹಂಚುತ್ತೇನೆ, ವರ್ಷವಿಡೀ ಐದಾರು ಮಾದರಿಗಳಿಗಿಂತ ಹೆಚ್ಚು ಬದಲಿಸುವುದಿಲ್ಲ. ಮಾದರಿ ಗೊತ್ತಿದ್ದರೆ ಬೇರೆ ಕೆಲಸವಿಲ್ಲದ ದಿನವೂ ಅವರು ಧೈರ್ಯವಾಗಿ ನಾಲ್ಕು ಕಡೆದು ಇಟ್ಟುಕೊಳ್ಳುತ್ತಾರೆ. ಉಳಿದ ಅರ್ಧ ಹಣವನ್ನು ಸಾಮಾನು ಕೈಗೆ ಬಂದ ದಿನವೇ ಕೊಡುತ್ತೇನೆ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ, ಏಕೆಂದರೆ ಎರಡು ತಿಂಗಳು ತಡವಾಗಿ ಬರುವ ಹಣಕ್ಕಾಗಿ ಕಾಯುವ ಕುಶಲಕರ್ಮಿ ಈ ನಡುವೆ ಬಡ್ಡಿಗೆ ಸಾಲ ತಂದು ಮರ ಕೊಳ್ಳುತ್ತಾನೆ, ಆ ಬಡ್ಡಿಯಲ್ಲಿ ಅವನ ಲಾಭವೆಲ್ಲ ಹೋಗುತ್ತದೆ.

ಬೆಲೆಯ ಪ್ರಶ್ನೆ ಸುಲಭವಲ್ಲ. ಸಗಟು ಪೇಟೆಯಲ್ಲಿ 40 ರೂಪಾಯಿಗೆ ಸಿಗುವ ಉಡುಗೊರೆಯ ಜಾಗದಲ್ಲಿ ನಾನು 85 ರೂಪಾಯಿಯ ಭರಣಿ ತೋರಿಸಿದರೆ, ಹೆಣ್ಣಿನ ಮದುವೆಯ ಖರ್ಚಿನಲ್ಲಿ ಮುಳುಗಿರುವ ತಂದೆತಾಯಿಗೆ ಊರಿನ ಕಷ್ಟದ ಕಥೆ ಹೇಳಿ ಒಪ್ಪಿಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಚಿಕ್ಕ ಅಳತೆಯ, ಒಂದೇ ಬಣ್ಣದ, 55 ರೂಪಾಯಿಯ ಭರಣಿಯೊಂದನ್ನು ಮಾಡಿಸಿದೆವು. ಇದು ಅಟ್ಟ ಸೇರುವ ವಸ್ತುವಲ್ಲ, ದೇವರ ಮನೆಯಲ್ಲಿ ದಿನವೂ ಕೈಗೆ ಬರುತ್ತದೆ ಎಂದಷ್ಟೇ ಹೇಳುತ್ತೇನೆ. ಒಪ್ಪದವರಿಗೆ ಈಗಲೂ ಚಿಕ್ಕಪೇಟೆಯ ಸಾಮಾನನ್ನೇ ಕೊಡುತ್ತೇನೆ. ನನ್ನ ವ್ಯವಹಾರದ ಸುಮಾರು ಅರ್ಧಭಾಗ ಮಾತ್ರ ಚನ್ನಪಟ್ಟಣದ್ದು.

ಎರಡನೆಯ ವರ್ಷ ಬೆಂಗಳೂರಿನ ಒಂದು ಶಿಶುವಿಹಾರದವರು ಎಣಿಕೆಯ ಮಣಿಗಳನ್ನೂ ಗಿಲಕಿಗಳನ್ನೂ ಕೇಳಿದರು, ಜೊತೆಗೆ ಐಎಸ್‌ಐ ಗುರುತು ಎಲ್ಲಿ ಎಂದೂ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ಅದರಿಂದ ವಿನಾಯಿತಿ ಇದೆ. ಇಲ್ಲಿ "ತಾವೇ ಮಾರುವ" ಎಂಬುದು ಮುಖ್ಯವೆಂದು ತಿಳಿದ ಮೇಲೆ, ಶಾಲೆಯ ಬಿಲ್ಲನ್ನು ನನ್ನ ಹೆಸರಿನಲ್ಲಿ ಮಾಡದೆ ನೇರವಾಗಿ ಕುಶಲಕರ್ಮಿಯ ಹೆಸರಿನಲ್ಲೇ ಮಾಡಿಸಿ, ಅವರ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿ, ನನ್ನ ಓಡಾಟದ ಕೂಲಿಯನ್ನು ಮಾತ್ರ ಬೇರೆಯಾಗಿ ಪಡೆದೆ. ನಾಲ್ಕು ಕುಟುಂಬಗಳಲ್ಲಿ ಎರಡರ ಚೀಟಿಯ ಅವಧಿ ಮುಗಿದಿತ್ತು. ಅದನ್ನು ಸರಿಪಡಿಸಲು ಬೇಕಾದ ಅರ್ಜಿ ತುಂಬುವುದಕ್ಕೆ ನನ್ನ ಮಗ ಎರಡು ಭಾನುವಾರ ಅಲ್ಲಿ ಕುಳಿತ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ಮಾಡುವವರೂ ಸೇರಿದ್ದಾರೆ. ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿಯವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಒಂದು ಕುಟುಂಬ ಆ ಸಾಲದಿಂದ ಒಂದು ವರ್ಷಕ್ಕಾಗುವಷ್ಟು ಮರ ಕೊಂಡು ಒಣಗಲು ಹಾಕಿತು.

ನಿಧಾನವಾಗಿ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಭರಣಿ ಚನ್ನಪಟ್ಟಣದ್ದೇ ಆಗಿದ್ದರೂ ಅದನ್ನು ಹಾಕಿಕೊಡುವ ಬಟ್ಟೆಯ ಚೀಲ, ರಟ್ಟಿನ ಪೆಟ್ಟಿಗೆ, ಹೆಸರು ಮುದ್ರಿಸಿದ ಚೀಟಿ ಎಲ್ಲವನ್ನೂ ನಾನು ಬೆಂಗಳೂರಿನಲ್ಲೇ ಮಾಡಿಸುತ್ತಿದ್ದೆ. ಈಗ ಚೀಲವನ್ನು ಅಲ್ಲಿನ ಪೇಟೆ ಬೀದಿಯ ಇಬ್ಬರು ಹೊಲಿಗೆಯ ಹೆಂಗಸರು ಹೊಲಿಯುತ್ತಾರೆ, ಚೀಟಿ ಅಲ್ಲಿನ ಮುದ್ರಣಾಲಯದಲ್ಲಿ ಆಗುತ್ತದೆ, ಸಾಮಾನು ತರುವುದು ಅಲ್ಲಿಯದೇ ಗೂಡ್ಸ್ ಆಟೊ ಹಳೆಯ ರಸ್ತೆಯಲ್ಲಿ. ನಾನು ಕೊಟ್ಟ ಹಣವನ್ನು ಒಮ್ಮೆ ಬೆನ್ನಟ್ಟಿ ನೋಡಿದೆ: ಹೊಲಿಗೆಯಾಕೆ ಅದೇ ಬೀದಿಯ ದಿನಸಿ ಅಂಗಡಿಯ ಬಾಕಿ ತೀರಿಸಿದ್ದರು, ಆ ದಿನಸಿಯವರು ಮಗಳ ನಾಮಕರಣಕ್ಕೆ ಅದೇ ಹಿರಿಯರ ಬಳಿ ತೊಟ್ಟಿಲಿನ ಗಿಲಕಿಗಳನ್ನು ಕೊಂಡಿದ್ದರು. ಅಂದು ನನಗಾದ ಸಂತೋಷ ಯಾವ ದೊಡ್ಡ ಆರ್ಡರಿನಿಂದಲೂ ಆಗಿರಲಿಲ್ಲ.

ಬೆಂಗಳೂರಿನಲ್ಲಿ ಇದೇ ವ್ಯವಹಾರ ಮಾಡುವ ಇನ್ನಿಬ್ಬರು ಗೆಳತಿಯರು ಈಗ ನನ್ನ ಜೊತೆ ಸೇರಿದ್ದಾರೆ. ಮೂವರ ಬೇಡಿಕೆಯನ್ನು ಒಟ್ಟುಗೂಡಿಸಿ ತಿಂಗಳ ಮೊದಲ ವಾರದಲ್ಲಿ ಒಂದೇ ಚೀಟಿ ಕಳುಹಿಸುತ್ತೇವೆ; ಒಬ್ಬರ ಮದುವೆ ಆರ್ಡರ್ ತಪ್ಪಿದರೂ ನಾಲ್ಕು ಲೇತುಗಳಿಗೆ ಕೆಲಸ ತಪ್ಪುವುದಿಲ್ಲ. ಆ ಹಿರಿಯರ ಮೊಮ್ಮಗ ಬಿಡದಿಯ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ, ರಜೆಯ ದಿನ ಅಜ್ಜನ ಪಕ್ಕದಲ್ಲಿ ಕುಳಿತು ಮುಚ್ಚಳ ಕಡೆಯುತ್ತಾನೆ. ಕಳೆದ ಬಾರಿ ಬಂದ ಭರಣಿಗಳಲ್ಲಿ ಅವನು ಕಡೆದ ನಲವತ್ತು ಇದ್ದವು. ಎರಡರ ಮುಚ್ಚಳ ಸ್ವಲ್ಪ ಸಡಿಲವಾಗಿತ್ತು, ಅವನ್ನು ವಾಪಸು ಕಳುಹಿಸಿ ಉಳಿದ ಮೂವತ್ತೆಂಟಕ್ಕೆ ಅವನ ಖಾತೆಗೇ ಹಣ ಹಾಕಿದೆ.