ಅಜ್ಜಿ ಮನೆಗೆ ಬರುವ ಮುಂಚೆ ಥೆರಪಿಸ್ಟ್ ಮನೆ ನೋಡಬೇಕಾ?

"ನಮ್ಮನೇಲಿ ಎಲ್ಲಾ ಸರಿ ಇದೆ ಮೇಡಂ." ಕಾಯಿಲೆಯೋ ಪೆಟ್ಟೋ ಆದವರು ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವ ಹಾಗೆ ನೆರವಾಗುವುದು ಆಕ್ಯುಪೇಷನಲ್ ಥೆರಪಿ. 15 ವರ್ಷದ ಈ ಕೆಲಸದಲ್ಲಿ ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ. ಡಿಸ್ಚಾರ್ಜ್ ಆದ ಮೂರನೇ ದಿನ ಅದೇ ಮನೆಯಿಂದ ಫೋನ್ ಬರುತ್ತದೆ: ವಾಕರ್ ಬಚ್ಚಲ ಬಾಗಿಲಲ್ಲಿ ತೂರುತ್ತಿಲ್ಲ.

ಸ್ಟ್ರೋಕ್ ಆದವರನ್ನೋ, ಸೊಂಟ ಮುರಿದವರನ್ನೋ ಮನೆಗೆ ಕಳಿಸುವ ಮುಂಚೆ ನಾವು ಅವರ ಮನೆ ನೋಡಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತೇವೆ. ಎಲ್ಲರ ಮನೆಗೂ ಹೋಗೋಕೆ ಆಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ 400 ಹಿರಿಯ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮನೆ ನೋಡಿ ಬಂದ ಗುಂಪಿಗೂ, ಆಸ್ಪತ್ರೆಯಲ್ಲೇ ಕೂತು ಮಾತಾಡಿ ಕಳಿಸಿದ ಗುಂಪಿಗೂ ದಿನನಿತ್ಯದ ಕೆಲಸಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಯಾರ ಮನೆಗೆ ಹೋಗಬೇಕು ಅಂತ ಆರಿಸುವುದೇ ಕೆಲಸ. ಆ ಆಯ್ಕೆ ಸರಿಯಾಗಬೇಕಾದರೆ ನೀವು ಕೊಡುವ ವಿವರ ಸರಿಯಿರಬೇಕು.

ಹೆಜ್ಜೆ 1: ಮುಂಚೆ ಹೇಗಿದ್ದರು?

"ಸ್ನಾನ ನೀವೇ ಮಾಡ್ತಿದ್ರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ನಾನು ಬೆಳಿಗ್ಗೆ ಎದ್ದಲ್ಲಿಂದ ಒಂದೊಂದಾಗಿ ಕೇಳುತ್ತೇನೆ. ನೀರು ಯಾರು ತೋಡಿಕೊಡ್ತಿದ್ರು? ಬೆನ್ನು ಯಾರು ಉಜ್ಜುತ್ತಿದ್ದರು? ರೋಗಿಯನ್ನು ಒಮ್ಮೆ, ಸೊಸೆಯನ್ನು ಬೇರೆಯಾಗಿ ಒಮ್ಮೆ. ಇಬ್ಬರ ಉತ್ತರ ಹೊಂದದಿದ್ದರೆ, ಮನೆ ನೋಡಬೇಕಾದವರ ಪಟ್ಟಿಯಲ್ಲಿ ಒಂದು ಗುರುತು.

ಹೆಜ್ಜೆ 2: ಈಗ ಹೇಗಿದ್ದಾರೆ?

ಏಳುವುದು, ಶೌಚ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಎಲ್ಲವನ್ನೂ ವಾರ್ಡಿನಲ್ಲಿ ಕಣ್ಣಾರೆ ನೋಡುತ್ತೇವೆ. ವಾರ್ಡಿನ ಮಂಚ ಬೇಕಾದಷ್ಟು ಎತ್ತರಿಸಬಹುದು, ಹಿಡಿಯೋಕೆ ಕಂಬಿ ಇದೆ, ನೆಲ ಸಮ. ಅಲ್ಲಿ ಚೆನ್ನಾಗಿ ಮಾಡಿದರು ಅಂತ ಬೀಗಬೇಡಿ.

ಹೆಜ್ಜೆ 3: ಮನೆಯ ಅಳತೆ

ಜನ ಎಡವುವುದು ಇಲ್ಲೇ. ಬಚ್ಚಲ ಬಾಗಿಲು ಎಷ್ಟು ಅಗಲ ಅಂದರೆ ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪ್ ಹಿಡಿದು "ಎರಡೂವರೆ ಅಡಿ" ಅನ್ನುತ್ತಾರೆ. ಅಂದರೆ 76 ಸೆಂ.ಮೀ. ಅದರಲ್ಲಿ ಎರಡೂ ಕಡೆಯ ಚೌಕಟ್ಟು ಹೋಯಿತು. ಬಾಗಿಲು ಪೂರ್ತಿ ತೆರೆದರೂ ಅದರ ದಪ್ಪ ದಾರಿಯಲ್ಲೇ ನಿಂತಿರುತ್ತದೆ, ಅದೂ ಹೋಯಿತು. ಉಳಿಯುವುದು 60ರ ಆಸುಪಾಸು. ವಾಕರ್‌ನ ಅಗಲವೂ ಹತ್ತಿರ ಹತ್ತಿರ ಅಷ್ಟೇ. ವೀಲ್‌ಚೇರ್ ಆದರೆ ಕೇಳೋದೇ ಬೇಡ. ಕಟ್ಟಡಗಳು ಎಲ್ಲರಿಗೂ ಓಡಾಡಲು ಅನುಕೂಲವಾಗಿರಬೇಕು ಅನ್ನುವ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಬಾಗಿಲಿಗೆ ಹೇಳುವುದು 90 ಸೆಂ.ಮೀ.

ಬಾಗಿಲು ತೆರೆದಿಡಿ. ಬಾಗಿಲ ಮೈಯಿಂದ ಎದುರಿನ ಚೌಕಟ್ಟಿನ ಒಳ ಅಂಚಿಗೆ ಅಳೆಯಿರಿ. ಚಿಲಕ ಚಾಚಿಕೊಂಡಿದ್ದರೆ ಚಿಲಕದಿಂದ ಅಳೆಯಿರಿ. ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ, ಅದನ್ನೂ ಬರೆಯಿರಿ. ಒಳಗೆ ತೆರೆಯುವ ಬಚ್ಚಲಲ್ಲಿ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ.

ಮಂಚದ ಎತ್ತರವನ್ನು ಬರೀ ಮಂಚಕ್ಕೆ ಟೇಪ್ ಹಿಡಿದು ಹೇಳಬೇಡಿ. ಹಾಸಿಗೆ ಹಾಸಿ. ಹೆಚ್ಚುಕಮ್ಮಿ ರೋಗಿಯಷ್ಟೇ ತೂಕದವರನ್ನು ಅಂಚಿನಲ್ಲಿ ಕೂರಿಸಿ. ಹತ್ತಿ ಹಾಸಿಗೆ ಎಷ್ಟು ಕುಸಿಯುತ್ತದೆ ನೋಡಿ, ಆಮೇಲೆ ನೆಲದಿಂದ ಅಳೆಯಿರಿ. ಸೊಂಟದ ಆಪರೇಷನ್ ಆದವರು ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಕಮೋಡ್‌ಗೂ ಇದೇ ಲೆಕ್ಕ. ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಮೊದಲೇ ಹೇಳಿಬಿಡಿ, ನಾಚಿಕೆ ಬೇಡ.

ಬಾಗಿಲಲ್ಲಿ ಮೆಟ್ಟಿಲಿದ್ದರೆ ಅದರ ಎತ್ತರವೂ ಬೇಕು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕಾಗುತ್ತದೆ. ಆರಿಂಚಿನ ಮೆಟ್ಟಿಲಿಗೆ ಎರಡಡಿ ಹಲಗೆ ಒರಗಿಸಿ ರ್‍ಯಾಂಪ್ ಆಯ್ತು ಅಂದವರನ್ನು ನೋಡಿದ್ದೇನೆ. ಅದು ಜಾರುಬಂಡೆ.

ಫೋಟೊ ಕಳಿಸಿ ಅಂದರೆ ಜನ ಮನೆ ಗುಡಿಸಿ, ಕಾಲೊರಸು ಮಡಚಿಟ್ಟು, ಗೃಹಪ್ರವೇಶಕ್ಕೆ ಅನ್ನುವ ಹಾಗೆ ತೆಗೆದು ಕಳಿಸುತ್ತಾರೆ. ನನಗೆ ಅದು ಬೇಡ. ರಾತ್ರಿ ಹತ್ತು ಗಂಟೆಗೆ, ದಿನಾ ಹಾಕುವ ಲೈಟ್ ಎಷ್ಟೋ ಅಷ್ಟೇ ಹಾಕಿ, ಮಂಚದಿಂದ ಟಾಯ್ಲೆಟ್‌ವರೆಗೆ ನಡೆಯುತ್ತಾ ಒಂದೇ ಉಸಿರಿಗೆ ವಿಡಿಯೊ ಮಾಡಿ. ಮಲೆನಾಡಿನ ಕಡೆ ಹಳೇ ಮನೆಗಳಲ್ಲಿ ಬಚ್ಚಲುಮನೆ ಹಿತ್ತಲ ಕಡೆ, ಎರಡು ಮೆಟ್ಟಿಲಿಳಿದು ಇರುತ್ತದೆ. ಅಷ್ಟು ದೂರ ನಾವು ಹೋಗೋಕೆ ಆಗುವುದಿಲ್ಲ, ಆಗ ಈ ವಿಡಿಯೊನೇ ನಮ್ಮ ಕಣ್ಣು.

ಅಂದಹಾಗೆ, ಅಂಗಡಿಗೆ ಓಡುವ ಮುಂಚೆ ಒಂದು ಮಾತು. ಗೋಡೆಗೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ಹಿಡಿಕೆ ತರಬೇಡಿ. ಟೈಲ್ಸ್ ಒದ್ದೆಯಾದರೆ, ಇಲ್ಲವೇ ಸಂದಿಯ ಮೇಲೆ ಕೂತರೆ ಯಾವಾಗ ಬೇಕಾದರೂ ಕಿತ್ತು ಬರುತ್ತದೆ. ಟವೆಲ್ ರಾಡ್ ಟವೆಲ್‌ಗೆ ಮಾತ್ರ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಕಮೋಡ್ ಮಾಡುವ ಚಾಣಾಕ್ಷತನವಂತೂ ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಕೊಳ್ಳುತ್ತವೆ. ಸ್ಕ್ರೂ ಹಾಕಿ ಗೋಡೆಗೆ ಕೂರಿಸುವ ಸ್ಟೀಲ್ ಕಂಬಿಯನ್ನೇ ಹಾಕಿಸಿ.

ಹೆಜ್ಜೆ 4: ತೀರ್ಮಾನ

ನಾನು ಕೇಳಿಕೊಳ್ಳುವುದು ಒಂದೇ: ತೊಂದರೆ ಮನೆಯಲ್ಲಿದೆಯೋ, ಆ ಮನೆಯಲ್ಲಿ ಇವರು ನಡೆದುಕೊಳ್ಳುವ ರೀತಿಯಲ್ಲಿದೆಯೋ?

ಮನೆಯದ್ದೇ ಆದರೆ ಅಳತೆ ಸಾಕು. ಹೆಚ್ಚೆಂದರೆ ನಾನೊಬ್ಬಳೇ ಹೋಗಿ ನೋಡಿಬರುತ್ತೇನೆ. ಮಂಡಿ ಬದಲಿಸಿಕೊಂಡು ವಾಕರ್ ಹಿಡಿದು ಆರಾಮಾಗಿ ಓಡಾಡುವವರಿಗೆ, ಮನೆಯಲ್ಲಿ ಜನ ಇರುವವರಿಗೆ ಅದೂ ಬೇಡ. ಒಂಟಿಯಾಗಿರುವವರು, ಮರೆವು ಶುರುವಾದವರು, ಸ್ಟ್ರೋಕ್ ಆಗಿ ಎಡಪಕ್ಕ ಅನ್ನುವುದೇ ಗಮನಕ್ಕೆ ಬರದವರು ಆದರೆ ಅವರನ್ನೂ ಕರೆದುಕೊಂಡೇ ಹೋಗಬೇಕು. ಮನೆಯಲ್ಲಿ ಈಗಾಗಲೇ ಒಂದೆರಡು ಸಲ ಬಿದ್ದವರು ನನ್ನ ಪಟ್ಟಿಯಲ್ಲಿ ಮೇಲೆ. ಆರೋಗ್ಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯ ಪ್ರಕಾರ ಮನೆಯಲ್ಲಿ ಎಡವುವ ಜಾಗಗಳನ್ನು ಸರಿಪಡಿಸಿದರೆ ಬೀಳುವುದು ಶೇ 26ರಷ್ಟು ಕಡಿಮೆಯಾಗುತ್ತದೆ. ಬೀಳುವ ಅಪಾಯ ಜಾಸ್ತಿ ಇರುವವರಲ್ಲಿ ಶೇ 38ರಷ್ಟು.

ಸೊಂಟದ ಕೀಲು ಬದಲಿಸಿದ್ದ ಒಬ್ಬ ಅಜ್ಜಿಯನ್ನು ಮನೆ ತೋರಿಸೋಕೆ ಕರೆದುಕೊಂಡು ಹೋಗಿದ್ದೆ. ಬಗ್ಗಬಾರದು ಅನ್ನುವುದನ್ನು ವಾರ್ಡಿನಲ್ಲಿ ಗಿಣಿಪಾಠದ ಹಾಗೆ ಒಪ್ಪಿಸುತ್ತಿದ್ದರು. ಬಾಗಿಲ ಹತ್ತಿರ ಬಂದದ್ದೇ ವಾಕರ್ ಪಕ್ಕಕ್ಕೆ ಸರಿಸಿ, ಬಗ್ಗಿ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಲು ಹೋದರು. ಬೆಳಿಗ್ಗೆ ಎದ್ದು ಅದೇ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವುದೂ ಅವರೇ ಅಂತ ಆಮೇಲೆ ಗೊತ್ತಾಯಿತು. ಇದು ಯಾವ ವಿಡಿಯೊದಲ್ಲಿ ಕಾಣುತ್ತದೆ ಹೇಳಿ? ಆ ಕೆಲಸವನ್ನು ಮೂರು ತಿಂಗಳು ಮೊಮ್ಮಗಳಿಗೆ ವಹಿಸಿದೆವು.

ಹೆಜ್ಜೆ 5: ಯಾವಾಗ?

ಡಿಸ್ಚಾರ್ಜ್‌ಗೆ ಮೂರ್ನಾಲ್ಕು ದಿನ ಮುಂಚೆ. ಅದೇ ದಿನ ಬೆಳಿಗ್ಗೆ ಹೋದರೆ ಪ್ಲಂಬರ್ ಎಲ್ಲಿಂದ ಸಿಗುತ್ತಾನೆ?

ಹೋದ ದಿನ ನಾನು ಮಾಡಿಸುವುದು ಜಾಸ್ತಿ ಏನಿಲ್ಲ. ಮಂಚದಿಂದ ಏಳಿ, ಟಾಯ್ಲೆಟ್‌ಗೆ ಹೋಗಿಬನ್ನಿ, ಒಂದು ಲೋಟ ಕಾಫಿ ಮಾಡಿ. ಮನೆಯವರಿಗೆ ಅಲ್ಲಿ ಒಂದೇ ಕೆಲಸ: ಕೈಕಟ್ಟಿ ಕೂರುವುದು. ಅಮ್ಮ ಸಕ್ಕರೆ ಡಬ್ಬಿ ಹುಡುಕುತ್ತಿದ್ದಾರೆ ಅಂತ ಮಗಳು ಎದ್ದು ಹೋಗಿ ಕೈಗೆ ಕೊಟ್ಟರೆ, ನಾನು ನೋಡೋಕೆ ಬಂದದ್ದು ಅಲ್ಲಿಗೇ ಮುಗಿಯಿತು. ಅವರು ಹುಡುಕಲಿ. ಸಿಗದಿದ್ದರೆ ನನ್ನನ್ನು ಕೇಳಲಿ.