ಲಿಂಗದ ಕರಡಿಗೆ ಬಿಚ್ಚುವ ಮೊದಲು ಕೇಳಿ

ರಾಯಚೂರು ಜಿಲ್ಲೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ನಾನು ವಾರ್ಡ್ ಇನ್‌ಚಾರ್ಜ್ ನರ್ಸ್. ಆಸ್ಪತ್ರೆ ಚರ್ಚಿನದು. ಗೋಡೆಯ ಮೇಲೆ ಶಿಲುಬೆ ಇದೆ, ಬೆಳಗಿನ ಡ್ಯೂಟಿ ಪ್ರಾರ್ಥನೆಯಿಂದಲೇ ಶುರುವಾಗುತ್ತದೆ. ಹಾಸಿಗೆ ಹಿಡಿದು ಬರುವವರು ಮಾತ್ರ ಬಹುಪಾಲು ಲಿಂಗಾಯತರು, ಕುರುಬರು, ನಾಯಕರು, ಮುಸ್ಲಿಮರು. ಅವರಲ್ಲೂ ವಯಸ್ಸಾದವರೇ ಹೆಚ್ಚು. ಅವರ ದೇವರಿಗೆ, ಅವರ ದಿನಚರಿಗೆ ನಮ್ಮ ವಾರ್ಡಿನಲ್ಲಿ ಜಾಗ ಮಾಡಿಕೊಡುವುದೇ ಧರ್ಮದ ಹೆಸರು ಹೊತ್ತ ಆಸ್ಪತ್ರೆಯ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ. ಚಿಕಿತ್ಸೆಯೂ ಅಲ್ಲಿಂದಲೇ ಸರಿಹೋಗುತ್ತದೆ.

ಹಿರಿಯರ ಆರೈಕೆಗೆ ನಾವು ಹಿಡಿದ ದಾರಿ ಅಮೆರಿಕದ್ದು. 2017ರಲ್ಲಿ ಜಾನ್ ಎ. ಹಾರ್ಟ್‌ಫರ್ಡ್ ಫೌಂಡೇಶನ್ ಮತ್ತು ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್ ಸೇರಿ, ಅಲ್ಲಿನ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನೂ ಜೊತೆಗಿಟ್ಟುಕೊಂಡು 'ಏಜ್-ಫ್ರೆಂಡ್ಲಿ ಹೆಲ್ತ್ ಸಿಸ್ಟಮ್ಸ್' ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ರೋಗಿಗೆ ಯಾವುದು ಮುಖ್ಯ, ಔಷಧ, ಮನಸ್ಸಿನ ಸ್ಥಿತಿ, ಓಡಾಟ: ಈ ನಾಲ್ಕನ್ನೂ ಪ್ರತಿ ಹಿರಿಯರಲ್ಲಿ ಒಟ್ಟಿಗೇ ನೋಡಬೇಕು. ಹೊಸ ಯಂತ್ರ ಯಾವುದೂ ಬೇಕಿಲ್ಲ, ನಮ್ಮಂಥ ಸಣ್ಣ ಆಸ್ಪತ್ರೆಗೆ ಅದೇ ದೊಡ್ಡ ಅನುಕೂಲ.

ಮೊದಲನೆಯದನ್ನು ಕೇಳುವುದೇ ಕಷ್ಟ. "ನಿಮಗ ಯಾವುದು ಮುಖ್ಯ ಅಜ್ಜಾ?" ಅಂದರೆ "ನಮ್ದೇನೈತಿ ಯವ್ವಾ, ಎಲ್ಲಾ ಮುಗದೈತಿ, ಮಗನ್ನ ಕೇಳ್ರಿ" ಅನ್ನುತ್ತಾರೆ. ಮಗ ಬಂದು ತನಗೆ ಮುಖ್ಯವಾದದ್ದನ್ನು ಹೇಳಿ ಹೋಗುತ್ತಾನೆ. ಅದಕ್ಕೆ ನಾವು ಪ್ರಶ್ನೆಯನ್ನೇ ಬದಲಿಸಿದೆವು: "ಮನಿಗೆ ಹೋದ ಮ್ಯಾಲೆ ಮೊದಲ ಏನ್ ಮಾಡಬೇಕು ಅನ್ನಸ್ತೈತಿ?" ಆಗ ಬಾಯಿ ಬಿಡುತ್ತಾರೆ. ಎಮ್ಮೆ ಹಿಂಡಬೇಕು. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಬೇಕು. ಒಬ್ಬ ಲಿಂಗಾಯತ ಅಜ್ಜ ಮುದಗಲ್ಲಿನ ಮೊಹರಂ ನೋಡಬೇಕು ಅಂದರು. ಅಲ್ಲಿನ ಮೊಹರಂನಲ್ಲಿ ಹಿಂದೂಗಳೂ ಸೇರುತ್ತಾರೆ, ಈ ಸೀಮೆ ಬಲ್ಲವರಿಗೆ ಅದರಲ್ಲಿ ಅಚ್ಚರಿ ಏನಿಲ್ಲ. ಹೇಳಿದ್ದನ್ನು ಅವರ ಮಾತಿನಲ್ಲೇ ಕೇಸ್‌ಶೀಟಿನ ತಲೆಗೆ ಬರೆಯುತ್ತೇವೆ. ರೌಂಡ್ಸಿಗೆ ಬಂದ ಡಾಕ್ಟರ್ ಶುಗರ್ ನೋಡುವ ಮೊದಲು ಅದನ್ನು ಓದುತ್ತಾರೆ.

ಇದರ ಬೆಲೆ ಏನೆಂದು ಒಂದು ರಾತ್ರಿ ಪಾಳಿಯಲ್ಲಿ ಕಂಡೆ. ಹೊಲದ ಬದುವಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ ಅಜ್ಜಿ, ಆಪರೇಷನ್ ಆದ ಎರಡನೇ ರಾತ್ರಿ ಸಲೈನ್ ನಳಿಕೆ ಕಿತ್ತುಕೊಳ್ಳತೊಡಗಿದರು. ಸತ್ತುಹೋದ ಅಕ್ಕನನ್ನು ಕರೆಯುತ್ತಿದ್ದರು. "ನಮ್ಮತ್ತಿಯವರಿಗೆ ತಲಿ ಕೆಟ್ಟೈತ್ರೀ ಸಿಸ್ಟರ್" ಎಂದು ಸೊಸೆ ಅಳುತ್ತಿದ್ದಳು. ಇದು ಹುಚ್ಚಲ್ಲ, ಡೆಲಿರಿಯಂ, ಅಂದರೆ ಕಾಯಿಲೆಯ ನಡುವೆ ಏಕಾಏಕಿ ಬುದ್ಧಿ ಗೊಂದಲಗೊಳ್ಳುವ ಸನ್ನಿ. ನೋವು, ಮೂತ್ರ ಕಟ್ಟುವುದು, ಮಲಬದ್ಧತೆ, ನೀರು ಕಡಿಮೆಯಾಗುವುದು, ಸೋಂಕು, ಹೊಸ ಔಷಧ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಮಲಗಿಸುವ ಇಂಜೆಕ್ಷನ್ ಕೊನೆಯ ಮಾತು. ಒಂದೊಂದಾಗಿ ನೋಡುತ್ತಾ ಬಂದೆ. ಅವರ ಬಲಗೈ ಮಾತ್ರ ಮತ್ತೆ ಮತ್ತೆ ಎದೆಯ ಮೇಲೆ ಏನನ್ನೋ ತಡಕುತ್ತಿತ್ತು, ಅಲ್ಲಿ ಸಿಗದೆ ಹೊದಿಕೆಯನ್ನು ಹಿಂಡುತ್ತಿತ್ತು. ಸೊಸೆಗೆ ಕೇಳಿದೆ. ಆಪರೇಷನ್ ಥಿಯೇಟರಿಗೆ ಒಯ್ಯುವಾಗ ತೆಗೆದ ಕರಡಿಗೆ, ಲಿಂಗಾಯತರು ಇಷ್ಟಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಡಬ್ಬಿ, ಸೊಸೆಯ ಚೀಲದಲ್ಲೇ, ಕರ್ಚೀಫಿನಲ್ಲಿ ಕಟ್ಟಿದಂತೆಯೇ ಇತ್ತು. ಕರಡಿಗೆ ಕಟ್ಟಿದ ಶಿವದಾರವನ್ನು ಅಜ್ಜಿಯ ಕೊರಳಿಗೆ ಹಾಕಿದೆವು. ಕೈ ಕರಡಿಗೆಯನ್ನು ಮುಚ್ಚಿ ಹಿಡಿದು ನಿಂತಿತು. ನೋವಿನ ಔಷಧದ ಹೊತ್ತೂ ಮೀರಿತ್ತು, ಅದನ್ನೂ ಕೊಟ್ಟೆವು; ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಕನ್ನಡಕ ಹಾಕಿ, ಸೊಸೆಯನ್ನು ಮಗ್ಗುಲಲ್ಲಿ ಕೂರಿಸಿದೆವು. ಲಿಂಗವೊಂದರಿಂದಲೇ ಸನ್ನಿ ಇಳಿಯಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ಕೈ ಏನು ಹುಡುಕುತ್ತಿದೆ ಎಂದು ತಿಳಿಯದಿದ್ದರೆ ಅದನ್ನು ಮಂಚಕ್ಕೆ ಕಟ್ಟುತ್ತಿದ್ದರು.

ಆಮೇಲೆ ವಾರ್ಡಿನಲ್ಲಿ ಕಟ್ಟುಪಾಡು ಮಾಡಿದೆವು. ಸೊಂಟದ ಎಕ್ಸ್‌ರೇಗೆ ಕರಡಿಗೆ ಮುಟ್ಟುವ ಅಗತ್ಯವೇ ಇಲ್ಲ. ಎದೆಯ ಎಕ್ಸ್‌ರೇ ಆದರೆ ತೆಗೆದು ಅವರ ಅಂಗೈಗೇ ಕೊಡುವುದು. ಎಂಆರ್‌ಐಗೆ, ಥಿಯೇಟರಿಗೆ ಹೋಗುವಾಗ ಅವರ ಕಣ್ಣೆದುರೇ ಮನೆಯವರ ಕೈಗಿಟ್ಟು, ಹೊರಬಂದ ಕೂಡಲೇ ಮೊದಲು ಅದನ್ನೇ ಹಾಕುವುದು. ತಾಯತಕ್ಕೂ ಜಪಮಾಲೆಗೂ ಇದೇ ನಿಯಮ.

ಮನಸ್ಸಿನ ಸ್ಥಿತಿ ನೋಡಲು ನಾವು ಬಳಸುವ 4ಎಟಿ ಪರೀಕ್ಷೆಯಲ್ಲಿ ಇಸವಿ ಕೇಳಬೇಕು, ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಬೇಕು. ಶಾಲೆ ಕಾಣದ ಅಜ್ಜಿಗೆ ಇಸವಿ ಗೊತ್ತಿಲ್ಲದಿರುವುದು ರೋಗವಲ್ಲ. ಅಂಕ ಹಾಕುವುದು ಬೇರೆ, ನಮ್ಮ ತಿಳಿವಳಿಕೆಗೆ ಮಾತ್ರ "ಈಗ ಯಾವ ಮಳಿ ನಡದೈತಿ?" ಎಂದು ಕೇಳುತ್ತೇನೆ. ನಿನ್ನೆ ಮೃಗಶಿರ ಅಂದವರು ಇಂದು ಕಣ್ಣು ಕಣ್ಣು ಬಿಟ್ಟರೆ ತಕ್ಷಣ ಡಾಕ್ಟರಿಗೆ ಫೋನ್.

ಔಷಧದ ವಿಷಯಕ್ಕೆ ಬಂದರೆ, ಮನೆಯ ಗುಳಿಗೆ ಚೀಲವನ್ನು ಹಾಸಿಗೆಯ ಮೇಲೆ ಸುರಿಸುವುದೇ ಅರ್ಧ ಕೆಲಸ. ಇಬ್ಬರು ಡಾಕ್ಟರು ಎರಡು ಹೆಸರಿನಲ್ಲಿ ಬರೆದ ಒಂದೇ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಸಿಗುತ್ತದೆ. ವಯಸ್ಸಾದವರಲ್ಲಿ ಶುಗರ್ ಏಕಾಏಕಿ ಇಳಿಸುವ ಗ್ಲಿಬೆನ್‌ಕ್ಲಮೈಡ್ ಸಿಗುತ್ತದೆ. ತಲೆ ಮಂಕಾಗಿಸುವ, ಮೂತ್ರ ಕಟ್ಟಿಸುವ ಕ್ಲೋರ್‌ಫೆನಿರಮೈನ್ ನೆಗಡಿ ಗುಳಿಗೆಯಲ್ಲಿ ಅಡಗಿರುತ್ತದೆ. ನಿದ್ದೆಗೆಂದು ವರ್ಷಗಟ್ಟಲೆ ನುಂಗಿದ ಅಲ್‌ಪ್ರಜೋಲಾಮ್ ಕಂಡರೆ ನಾವಾಗಿಯೇ ನಿಲ್ಲಿಸುವಂತಿಲ್ಲ. ಡಾಕ್ಟರೇ ನಿಧಾನವಾಗಿ ಇಳಿಸಬೇಕು. ರಂಜಾನಿಗೆ ಮೊದಲೇ, ಶಾಬಾನ್ ತಿಂಗಳಲ್ಲೇ, ಶುಗರ್ ಇರುವ ಹಿರಿಯರನ್ನು ಕರೆಸುತ್ತೇವೆ. ಬೇಡವೆಂದರೂ ರೋಜಾ ಹಿಡಿಯುವವರು ಹಿಡಿದೇ ಹಿಡಿಯುತ್ತಾರೆ. ಗದರಿಸಿದರೆ ನಮಗೆ ಹೇಳದೆ ಹಿಡಿಯುತ್ತಾರೆ. ಗುಳಿಗೆಯ ಹೊತ್ತು, ಪ್ರಮಾಣ ಡಾಕ್ಟರು ಬದಲಿಸುತ್ತಾರೆ. ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಡಲೇಬೇಕು. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ ಎಂಬ ಮಾತನ್ನು ಊರಿನ ಮೌಲ್ವಿಯವರಿಂದಲೇ ಹೇಳಿಸಿದೆವು. ನಾನು ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

ಇನ್ನು ಓಡಾಟ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನು ಕುಡಿದೇ ಬೆನ್ನು, ಮಂಡಿ ಬಿಗಿದುಕೊಂಡವರಿದ್ದಾರೆ. ಹಾಸಿಗೆಯಲ್ಲೇ ಇಟ್ಟರೆ ಇನ್ನಷ್ಟು ಬಿಗಿಯುತ್ತಾರೆ. ಹೀಗಾಗಿ ಮೂರೂ ಹೊತ್ತಿನ ಊಟ ಕುರ್ಚಿಯಲ್ಲೇ. ಕಾರಿಡಾರಿನಲ್ಲಿ 3 ಮೀಟರಿಗೆ ಟೇಪ್ ಅಂಟಿಸಿದ್ದೇವೆ: ಕುರ್ಚಿಯಿಂದ ಎದ್ದು, ಅಲ್ಲಿಯವರೆಗೆ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಗುರುತು ಹಾಕುತ್ತೇವೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮೂತ್ರ ಹೋಗಿಸುವ ಗುಳಿಗೆ ನುಂಗುವವರ ಬಿ.ಪಿ.ಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮತ್ತೊಮ್ಮೆ ನೋಡುತ್ತೇವೆ. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ಹೇಳುತ್ತೇವೆ. "ನಡೀರಿ" ಅಂದರೆ ಏಳದ ಸಾಹೇಬರೊಬ್ಬರು ಪಶ್ಚಿಮದ ಕಿಟಕಿಯ ಬಳಿ ನಮಾಜಿಗೆ ಕುರ್ಚಿ ಇಟ್ಟ ಮೇಲೆ ಹೊತ್ತು ಹೊತ್ತಿಗೂ ಎದ್ದು ಹೋಗತೊಡಗಿದರು. ಫಿಸಿಯೋಥೆರಪಿಯವರು ಆ ಕುರ್ಚಿಯನ್ನು ಪ್ರತಿದಿನ ಒಂದೊಂದು ಹೆಜ್ಜೆ ದೂರ ಸರಿಸಿದರು.

ಮನೆಯವರಿಂದ ನಮಗೆ ಬೇಕಾದ ಸಹಾಯ ಇಷ್ಟೇ. ಹಿರಿಯರನ್ನು ಆಸ್ಪತ್ರೆಗೆ ಕರೆತರುವಾಗ ಅವರ ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮಷಿನ್, ಕೋಲು, ಎಲ್ಲ ಗುಳಿಗೆ ಚೀಟಿಗಳು ಜೊತೆಗಿರಲಿ. ಹಲ್ಲಿಲ್ಲದವರಿಗೆ ರೊಟ್ಟಿಯ ಬದಲು ಜೋಳದ ನುಚ್ಚು, ಅಂಬಲಿ ತನ್ನಿ. ರಾತ್ರಿ ಅವರು ಗುರುತು ಹಿಡಿಯುವ ಒಬ್ಬರು ಪಕ್ಕದಲ್ಲಿರಿ. ಮತ್ತು ನಾವು ಅವರನ್ನು ಪ್ರಶ್ನೆ ಕೇಳುವಾಗ ದಯವಿಟ್ಟು ನೀವು ಉತ್ತರ ಕೊಡಬೇಡಿ.