ಕಲ್ಲು ಹತ್ತುವ ಹುಡುಗರಿಗೆ ಸೆಕೆಂಡ್ ಹ್ಯಾಂಡ್ ಬೈಕ್: ಆರಿಸುವುದು ಹೇಗೆ?

"ಅಪ್ಪಾ, ನಾನೂ ಹಿಂಗ ಬಂಡಿಗಲ್ಲಿನ ಮ್ಯಾಲ ಗಾಡಿ ಹತ್ತಿಸಬೇಕು." ಮೊಬೈಲಿನಲ್ಲಿ ಟ್ರಯಲ್ಸ್ ವಿಡಿಯೊ ನೋಡಿದ ಮಕ್ಕಳು ಹೀಗೆ ಕೇಳಿದರೆ ತಂದೆ ತಾಯಿಗೆ ಮೊದಲು ಬರುವುದು ಭಯ. ಆದರೆ ಟ್ರಯಲ್ಸ್ ವೇಗದ ಆಟ ಅಲ್ಲವೇ ಅಲ್ಲ. ಬಂಡೆ, ಮರದ ದಿಮ್ಮಿ, ಕೆಸರು, ಕಡಿದಾದ ಇಳಿಜಾರು ಇರುವ ಒಂದು ತುಂಡು ದಾರಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಮ್ಮೆ ಕಾಲೂರಿದರೆ 1 ಅಂಕ ದಂಡ, ಎರಡು ಸಲಕ್ಕೆ 2, ಅದಕ್ಕೂ ಜಾಸ್ತಿಯಾದರೆ 3. ಬಿದ್ದರೆ 5. ಕಡಿಮೆ ಅಂಕ ಪಡೆದವರೇ ಗೆದ್ದವರು. ಸ್ಪೇನಿನ ಟೋನಿ ಬೌ 2007ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆದ. ಆಮೇಲೆ ವರ್ಷ ವರ್ಷವೂ ಗೆಲ್ಲುತ್ತ ಬಂದದ್ದು ಈ ನಿಧಾನದ ಆಟದಲ್ಲೇ.

ನಮ್ಮ ಜಿಲ್ಲೆಗಳ ನೆಲವೂ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಕರಿಗಲ್ಲಿನ ಗುಂಡುಗಳು. ಚಿತ್ತಾಪುರ, ಶಹಾಬಾದ್ ಕಡೆ ಮೆಟ್ಟಿಲಿನಂತೆ ಪದರ ಪದರ ಎದ್ದ ಫರಸಿ ಕಲ್ಲು. ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ ನೆಲ. ಉಳಿದದ್ದೆಲ್ಲ ಎರೆ ಹೊಲ. ಬೇಕಾಗಿರುವುದು ಸರಿಯಾದ ಗಾಡಿ.

ಮೊದಲು ವಯಸ್ಸು

ಗಾಡಿ ನೋಡುವ ಮೊದಲೇ ಇದು ಇತ್ಯರ್ಥ ಆಗಬೇಕು. ಗೇರ್ ಬೈಕಿನ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. 16ಕ್ಕೆ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ, ಅದೂ ತಂದೆ ತಾಯಿಯ ಒಪ್ಪಿಗೆಯ ಮೇಲೆ. 2019ರ ತಿದ್ದುಪಡಿಯ ನಂತರ ಕಾನೂನು ಬಹಳ ಬಿಗಿಯಾಗಿದೆ. ವಯಸ್ಸು ತುಂಬದ ಮಕ್ಕಳು ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

ಹಾಗಾಗಿ ಇಲ್ಲಿ ಹೇಳುತ್ತಿರುವುದು 18 ದಾಟಿದವರಿಗೆ. ಅದಕ್ಕಿಂತ ಚಿಕ್ಕವರು ಗಟ್ಟಿಯಾದ ಸೈಕಲ್ಲಿನಲ್ಲೇ ಶುರು ಮಾಡಲಿ. ನಿಂತಲ್ಲೇ ಬ್ಯಾಲೆನ್ಸ್ ಮಾಡುವುದು, ಸಣ್ಣ ಕಲ್ಲು ಹತ್ತಿಸುವುದು, ಎಂಟರ ಆಕಾರದಲ್ಲಿ ಸುತ್ತುವುದು, ಇವೆಲ್ಲ ಸೈಕಲ್ಲಿನಲ್ಲಿ ಕಲಿತರೆ ಮುಂದೆ ಬೈಕಿಗೆ ಹಾಗೇ ಬರುತ್ತದೆ. ಎಷ್ಟೋ ಒಳ್ಳೆಯ ಟ್ರಯಲ್ಸ್ ಸವಾರರು ಸೈಕಲ್ ಟ್ರಯಲ್ಸ್‌ನಿಂದಲೇ ಬಂದವರು.

ಯಾವ ಗಾಡಿ?

ಅಸಲಿ ಟ್ರಯಲ್ಸ್ ಬೈಕಿಗೆ ಸೀಟೇ ಇರುವುದಿಲ್ಲ ಅನ್ನಬಹುದು. ತೂಕ ಸುಮಾರು 70 ಕಿಲೋ. ಗ್ಯಾಸ್‌ಗ್ಯಾಸ್, ಬೀಟಾ, ಶೆರ್ಕೊ, ಮೊಂಟೆಸಾ ಇದರ ದೊಡ್ಡ ಹೆಸರುಗಳು. ಇವು ನಮ್ಮಲ್ಲಿ ಅಪರೂಪ. ಹೊರದೇಶದಿಂದ ತರಿಸಿದ ಗಾಡಿಗೆ ನಂಬರ್ ಪ್ಲೇಟ್ ಇರುವುದಿಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ, ಒಂದು ಕ್ಲಚ್ ಪ್ಲೇಟ್ ಬೇಕಾದರೂ ವಾರಗಟ್ಟಲೆ ಕಾಯಬೇಕು. ಹೈದರಾಬಾದ್, ಪುಣೆ ಕಡೆ ಒಂದು ಮಾರಾಟಕ್ಕೆ ಬಂದರೂ ಮೊದಲ ಗಾಡಿಯಾಗಿ ಅದು ಬೇಡ.

ಮೊದಲ ಗಾಡಿ ಯಾವುದೆಂದು ಕೇಳಿದರೆ ನನ್ನ ಉತ್ತರ ಹೀರೋ ಎಕ್ಸ್‌ಪಲ್ಸ್ 200. 2019ರಲ್ಲಿ ಬಂದದ್ದು. ಮುಂದೆ 21 ಇಂಚಿನ ಸ್ಪೋಕ್ ಗಾಲಿ, ಹಿಂದೆ 18 ಇಂಚು, ನೆಲದಿಂದ 220 ಮಿಲಿಮೀಟರ್ ಎತ್ತರ. ಮುಂದಿನ ಮಡ್‌ಗಾರ್ಡ್ ಗಾಲಿಯಿಂದ ಬಹಳ ಮೇಲಿದೆ. ಎರೆ ಮಣ್ಣಿನ ನಾಡಿನಲ್ಲಿ ಇದು ದೊಡ್ಡ ವಿಷಯ. ಒಂದು ಮಳೆ ಬಿದ್ದ ಹೊಲದಲ್ಲಿ ಸಾದಾ ಬೈಕು ಇಳಿಸಿ ನೋಡಿ, ಹತ್ತು ಮಾರು ಹೋಗುವುದರೊಳಗೆ ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಇದರ ಸಾಮಾನು ನಮ್ಮ ಊರುಗಳಲ್ಲೇ ಸಿಗುತ್ತದೆ, ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿಗಳೂ ಇದ್ದಾರೆ.

ಜಾಹೀರಾತಿನಲ್ಲಿ ಹೆಸರು ಸರಿಯಾಗಿ ಓದಿ. 200ಟಿ ಎಂಬುದು ರಸ್ತೆಗೆ ಮಾಡಿದ ಗಾಡಿ. ಅದರ ಗಾಲಿ ಚಿಕ್ಕದು, ಎತ್ತರ ಕಡಿಮೆ, ನಮ್ಮ ಕೆಲಸಕ್ಕೆ ಬರುವುದಿಲ್ಲ. 4ವಿ ಎಂದರೆ 2021ರ ನಂತರದ ನಾಲ್ಕು ವಾಲ್ವಿನ ಎಂಜಿನ್. ಕಲಿಯುವವರಿಗೆ ಹಳೆಯ ಎರಡು ವಾಲ್ವಿನದೇ ಸಾಕು. ಪ್ರೊ ಎಂದು ಬರೆದಿದ್ದರೆ ಸೀಟಿನ ಎತ್ತರ 891 ಮಿಲಿಮೀಟರ್. ಸಾದಾ ಎಕ್ಸ್‌ಪಲ್ಸ್‌ನದು 825ರ ಆಸುಪಾಸು. ಹಿಂದಿನ ಮಾಲೀಕ ರ‍್ಯಾಲಿ ಕಿಟ್ ಹಾಕಿಸಿದ್ದರೂ ಗಾಡಿ ಇದೇ ರೀತಿ ಎತ್ತರವಾಗಿರುತ್ತದೆ. ನೋಡಲು ಚೆಂದ, ಆದರೆ ಕಲ್ಲಿನ ಮೇಲೆ ಗಾಡಿ ವಾಲಿದಾಗ ಕಾಲು ನೆಲಕ್ಕೆ ಎಟುಕದಿದ್ದರೆ ಹುಡುಗ ಗಾಡಿ ಸಮೇತ ಬೀಳುತ್ತಾನೆ.

2011ರಲ್ಲಿ ಬಂದ 150 ಸಿಸಿಯ ಹೀರೋ ಇಂಪಲ್ಸ್ ಇನ್ನೂ ಹಗುರ. ಒಳ್ಳೆಯದು ಸಿಕ್ಕರೆ ಬಿಡಬೇಡಿ, ಆದರೆ ನಿಂತುಹೋದ ಮಾಡೆಲ್, ಪ್ಲಾಸ್ಟಿಕ್ ಭಾಗಗಳಿಗೆ ಅಲೆಯಬೇಕಾಗುತ್ತದೆ. ಆರ್‌ಎಕ್ಸ್ 100 ಮೇಲೆ ನಮ್ಮ ಕಡೆಯವರಿಗೆ ಇರುವ ಪ್ರೀತಿ ಗೊತ್ತು. ಅದು 1996ರಲ್ಲೇ ನಿಂತ ಗಾಡಿ, ಈಗ ಅದರ ರೇಟು ಆಕಾಶಕ್ಕೇರಿದೆ, ಸಾಮಾನಿನಲ್ಲಿ ನಕಲಿಯೇ ಜಾಸ್ತಿ. ಹಿಮಾಲಯನ್ 411 ದೂರದ ಪ್ರಯಾಣಕ್ಕೆ ಚೆನ್ನ, ಆದರೆ 200 ಕಿಲೋ ಹತ್ತಿರ ತೂಗುತ್ತದೆ. ಟ್ರಯಲ್ಸ್ ಕಲಿಯುವ ಹುಡುಗರಿಗೆ ಬೇಡ.

ಗಾಡಿ ಎತ್ತಿಸಿ ನೋಡಿ

ಮೈಲೇಜು, ಮಾಡೆಲ್ ವರ್ಷಕ್ಕಿಂತ ಮುಂಚೆ ಈ ಪರೀಕ್ಷೆ ಮಾಡಿ. ಮಾರುವವರ ಒಪ್ಪಿಗೆ ಕೇಳಿ, ನೆಲಕ್ಕೆ ಎರಡು ಗೋಣಿ ಚೀಲ ಹಾಸಿ, ಗಾಡಿಯನ್ನು ನಿಧಾನವಾಗಿ ಒಂದು ಬದಿಗೆ ಮಲಗಿಸಿ. ಈಗ ನಿಮ್ಮ ಮಗ ಅಥವಾ ಮಗಳು ಒಬ್ಬರೇ ಅದನ್ನು ಎತ್ತಿ ನಿಲ್ಲಿಸಲಿ. ತೋಳಿನ ಬಲದಿಂದ ಅಲ್ಲ, ಸೊಂಟ ಗಾಡಿಗೆ ಒತ್ತಿ, ಮೊಣಕಾಲು ಬಗ್ಗಿಸಿ, ಕಾಲಿನ ಬಲದಿಂದ ಎತ್ತಬೇಕು. ಎಕ್ಸ್‌ಪಲ್ಸ್ 155 ಕಿಲೋ ಆಚೀಚೆ ಇದೆ. ಎತ್ತಲು ಆಗದಿದ್ದರೆ ಆ ಗಾಡಿ ಸದ್ಯಕ್ಕೆ ಅವರದಲ್ಲ. ಈ ಆಟದಲ್ಲಿ ಗಾಡಿ ಬೀಳುವುದು ದಿನದ ಮಾತು. ಸುಡುವ ಸೈಲೆನ್ಸರ್ ಕಾಲಿನ ಮೇಲಿದ್ದಾಗ ಎತ್ತಲು ಬಾರದಿದ್ದರೆ ಅಪಾಯ.

ಸೀಟಿನ ಮೇಲೆ ಕೂತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರಬೇಕು. ಫುಟ್‌ರೆಸ್ಟ್ ಮೇಲೆ ನಿಂತಾಗ ಬೆನ್ನು ಜಾಸ್ತಿ ಬಾಗದೆ ಹ್ಯಾಂಡಲ್ ಕೈಗೆ ಸಿಗಬೇಕು. ಟ್ರಯಲ್ಸ್ ಪೂರ್ತಿ ನಿಂತೇ ಓಡಿಸುವ ಆಟ, ಆದ್ದರಿಂದ ಎರಡನೆಯದನ್ನು ಮರೆಯಬೇಡಿ.

ತಣ್ಣಗಿರುವಾಗಲೇ ಹೋಗಿ

ಬೆಳಿಗ್ಗೆಯೇ ಹೋಗಿ, ಬಿಸಿಲೇರುವ ಮೊದಲು. ಹಿಂದಿನ ದಿನವೇ ಫೋನ್ ಮಾಡಿ, "ಅಣ್ಣಾರ, ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ" ಎಂದು ಹೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವರು ಮೊದಲೇ ಓಡಿಸಿದ್ದಾರೆ. ಅದರ ಕಾರಣ ಕೇಳಿ, ಬೇಕಾದರೆ ಇನ್ನೊಂದು ದಿನ ಬನ್ನಿ. ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ.

ತಣ್ಣಗಿರುವಾಗ ಚಾಲೂ ಮಾಡಿ. ಮೊದಲ ಒಂದು ನಿಮಿಷ ಸೈಲೆನ್ಸರ್ ಕಡೆ ಕಣ್ಣಿರಲಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕೆಲಸ ಇದೆ. ಎಂಜಿನ್ ಪಕ್ಕದಿಂದ ಗಲಗಲ ಸದ್ದು ಬಂದು ಬಿಸಿಯಾದ ಮೇಲೂ ನಿಲ್ಲದಿದ್ದರೆ ಟೈಮಿಂಗ್ ಚೈನ್ ನೋಡಿಸಬೇಕು. ಆಯಿಲ್ ಕಪ್ಪಗಿದ್ದರೆ ತೊಂದರೆಯಿಲ್ಲ. ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಒಳಗೆ ಹೋಗಿದೆ, ಹಳ್ಳ ದಾಟಿಸಿದ ಗಾಡಿ.

ಆಮೇಲೆ ಏರ್ ಫಿಲ್ಟರ್. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಬಹಳ ಜನ ಇದನ್ನು ಬಿಚ್ಚುವುದೇ ಇಲ್ಲ. ನಮ್ಮಲ್ಲಿ ಮೊದಲು ಬಿಚ್ಚಬೇಕಾದದ್ದೇ ಇದು. ಫರಸಿ ಕಲ್ಲಿನ ಗಣಿಗಳ ಬಿಳಿ ಧೂಳು ಹಿಟ್ಟಿನಷ್ಟು ನಯ. ಬೇಸಿಗೆಯ ಎರೆ ಧೂಳೂ ಅಷ್ಟೇ. ಫಿಲ್ಟರಿನ ಹೊರಭಾಗದಲ್ಲಿ ಧೂಳಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಫಿಲ್ಟರ್ ತೆಗೆದು, ಎಂಜಿನ್ ಕಡೆಗೆ ಹೋಗುವ ರಬ್ಬರ್ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಮಣ್ಣು ಹತ್ತಿದರೆ ಆ ಎಂಜಿನ್ ಧೂಳು ಕುಡಿದಿದೆ. ಪಿಸ್ಟನ್, ಬೋರ್ ಎರಡೂ ಸವೆದಿರುತ್ತವೆ. ರೇಟು ಎಷ್ಟೇ ಕಡಿಮೆ ಹೇಳಿದರೂ ಅಂಥ ಗಾಡಿ ಬಿಟ್ಟುಬಿಡಿ.

ಚಾಸಿ ಮತ್ತು ಗಾಲಿ

ಎಂಜಿನ್ ಕೆಟ್ಟರೆ ದುಡ್ಡು ಹಾಕಿ ಸರಿ ಮಾಡಿಸಬಹುದು. ಚಾಸಿ ಬಾಗಿದ್ದರೆ ಎಷ್ಟು ದುಡ್ಡು ಹಾಕಿದರೂ ಗಾಡಿ ಮೊದಲಿನ ಹಾಗೆ ಆಗುವುದಿಲ್ಲ. ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ.

ಹ್ಯಾಂಡಲ್ ಕೆಳಗಿನ ದಪ್ಪ ಪೈಪಿನ ಹಿಂದೆ, ಚಾಸಿ ಕೂಡುವ ಜಾಗದಲ್ಲಿ ಹೆಬ್ಬೆರಳು ಆಡಿಸಿ. ಪೇಂಟ್ ಬಿರಿದಿದೆಯಾ? ಹೊಸ ವೆಲ್ಡಿಂಗ್ ಕೈಗೆ ಸಿಗುತ್ತದಾ? ಬರೀ ಅಲ್ಲೊಂದು ಕಡೆ ಹೊಸ ಪೇಂಟ್ ಹೊಡೆದಿದ್ದರೂ ಅನುಮಾನ ಪಡಿ. ನಂತರ ಮಲಗಿ ಎಂಜಿನ್ ಕೆಳಗೆ ಟಾರ್ಚ್ ಬಿಡಿ. ಕೆಳಗಿನ ಪ್ಲೇಟಿನ ಮೇಲೆ ಗೀರು ಇದ್ದೇ ಇರುತ್ತದೆ, ಅದಿರುವುದೇ ಏಟು ತಿನ್ನಲಿಕ್ಕೆ. ಎಂಜಿನ್ ಕವರಿಗೆ ಎಂ-ಸೀಲ್ ಮೆತ್ತಿದ್ದರೆ ಮಾತ್ರ ಒಳಗೆ ಬಿರುಕಿದೆ ಅಂತಲೇ ತಿಳಿಯಿರಿ.

ಎಂಜಿನ್ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು ಮುಂದಿನ ಗಾಲಿ ಎತ್ತಿ ನಿಲ್ಲಿಸಿ. ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲುಗಿಸಿ. ಟಕ್ ಟಕ್ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಹ್ಯಾಂಡಲ್ ನಿಧಾನವಾಗಿ ತಿರುಗಿಸಿದಾಗ ನಡುವೆ ಸಿಕ್ಕಿ ನಿಂತರೂ ಅದೇ ರೋಗ. ಖರ್ಚು ದೊಡ್ಡದಲ್ಲ, ಆದರೆ ಗಾಡಿ ಎಷ್ಟು ಎತ್ತಿ ಹಾರಿಸಿದ್ದಾರೆ ಎಂದು ಅದು ಹೇಳುತ್ತದೆ. ಹಿಂದಿನ ಗಾಲಿ ಹಿಡಿದು ಎಡಕ್ಕೆ ಬಲಕ್ಕೆ ಎಳೆಯಿರಿ. ಅಲುಗಿದರೆ ಆ ಗಾಲಿ ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್‌ಆರ್ಮಿನ, ಬುಷ್ ಸವೆದಿರಬಹುದು. ಸ್ಪೋಕುಗಳಿಗೆ ಒಂದೊಂದಾಗಿ ಪಾನಾದಿಂದ ತಟ್ಟಿ. ಟಣ್ ಎಂದರೆ ಬಿಗಿ, ಮೊಂಡು ಸದ್ದು ಬಂದರೆ ಸಡಿಲ.

ಕೊನೆಗೆ ಒಂದು ಪರೀಕ್ಷೆ. ನಮ್ಮ ಊರುಗಳಲ್ಲಿ ಫರಸಿ ಹಾಸಿದ ಅಂಗಳಕ್ಕೆ ಬರವಿಲ್ಲ ಅಲ್ವಾ? ಒಂದು ಕಡೆ ಬಕೆಟ್ ನೀರು ಚೆಲ್ಲಿ. ಎರಡೂ ಗಾಲಿ ಒದ್ದೆ ಮಾಡಿಕೊಂಡು ಒಣ ಫರಸಿಯ ಮೇಲೆ ನಿಧಾನವಾಗಿ ನೇರ ಓಡಿಸಿ, ಇಳಿದು ಗುರುತು ನೋಡಿ. ಮುಂದಿನ ಗಾಲಿಯ ಗುರುತು ಹಿಂದಿನದರ ಒಳಗೆ, ನಟ್ಟ ನಡುವೆ ಬೀಳಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಮೊದಲು ಚೈನಿನ ಎರಡೂ ಬದಿಯ ಅಡ್ಜಸ್ಟರ್ ಸಮ ಇದೆಯಾ ನೋಡಿ. ಅದು ಸಮ ಇದ್ದೂ ಗುರುತು ಸರಿದಿದ್ದರೆ ಫೋರ್ಕೋ ಚಾಸಿಯೋ ಬಾಗಿದೆ.

ಓಡಿಸುವಾಗ ಕ್ಲಚ್ ನೋಡಲು ಮರೆಯಬೇಡಿ. ಮೂರನೇ ಗೇರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರಿ ಗಾಡಿ ಏರದಿದ್ದರೆ ಪ್ಲೇಟು ಸವೆದಿವೆ. ಕಲ್ಲು ಹತ್ತಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಗಾಡಿ ಬಿಡಬೇಕಾಗಿಲ್ಲ, ರೇಟು ಇಳಿಸಿ ಕೇಳಿ.

ಕಾಗದಪತ್ರ

ಕೆಎ 32, 33, 38, 39, 56 ಇವು ನಮ್ಮದೇ ಕಲಬುರಗಿ, ಯಾದಗಿರಿ, ಬೀದರ್, ಭಾಲ್ಕಿ, ಬಸವಕಲ್ಯಾಣದ ನಂಬರುಗಳು. ಹೈದರಾಬಾದ್, ಸೊಲ್ಲಾಪುರದ ಗಾಡಿ ಅಗ್ಗಕ್ಕೆ ಸಿಗಬಹುದು. ಅದಕ್ಕೆ ಅಲ್ಲಿಯ ಆರ್‌ಟಿಒ ಕಚೇರಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಆ ಖರ್ಚು, ಓಡಾಟ ಸೇರಿಸಿ ಲೆಕ್ಕ ಹಾಕಿ. ಅಗ್ಗ ಅನ್ನುವುದು ಅಲ್ಲೇ ಕರಗಿಹೋಗುತ್ತದೆ.

ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂದು ನೋಡಿ. ಬಾಕಿ ಚಲನ್ ಇವೆಯಾ ಅಂತಲೂ ಹುಡುಕಿ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೊಂದಿಸಿ. ಆ ಜಾಗ ಉಜ್ಜಿದ ಹಾಗಿದ್ದರೆ ಮಾತೇ ಬೇಡ, ಎದ್ದು ಬನ್ನಿ. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಮಾಡಿಸಿಕೊಂಡು ಹೆಸರು ಬದಲಾವಣೆಗೆ ಕೂಡಲೇ ಅರ್ಜಿ ಹಾಕಿ. ಇನ್ಶೂರೆನ್ಸ್ ಕಂಪನಿಗೂ 14 ದಿನದೊಳಗೆ ತಿಳಿಸಬೇಕು.

ತಂದ ಮೇಲೆ

ಇಟ್ಟ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ಐಎಸ್‌ಐ ಹೆಲ್ಮೆಟ್, ಮೊಣಕಾಲು ಮೊಣಕೈ ಗಾರ್ಡ್, ಗ್ಲೌಸ್, ಹಿಮ್ಮಡಿ ಮುಚ್ಚುವ ಗಟ್ಟಿ ಬೂಟಿಗೆ ಇರಲಿ. ಚಪ್ಪಲಿಯಲ್ಲಿ ಒಂದು ಸುತ್ತೂ ಬೇಡ.

ಮೊದಲ ವಾರ ಆಯಿಲ್, ಏರ್ ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಹಿಂದಿನ ಸ್ಪ್ರಾಕೆಟ್ ಒಂದೆರಡು ಹಲ್ಲು ದೊಡ್ಡದು ಹಾಕಿಸಿದರೆ ಮೊದಲ ಗೇರಿನಲ್ಲಿ ಗಾಡಿ ಇನ್ನೂ ನಿಧಾನಕ್ಕೆ, ಹಿಡಿತದಲ್ಲಿ ನಡೆಯುತ್ತದೆ. ಅಸಲಿ ಟ್ರಯಲ್ಸ್ ಗಾಡಿಯಲ್ಲಿ ಟೈರಿನ ಗಾಳಿ ಬಹಳ ಕಡಿಮೆ ಇಡುತ್ತಾರೆ. ಅದನ್ನು ನೋಡಿ ಇಲ್ಲಿ ಹಾಗೇ ಮಾಡಬೇಡಿ. ಎಕ್ಸ್‌ಪಲ್ಸ್‌ನದು ಟ್ಯೂಬ್ ಟೈರು. ಗಾಳಿ ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಕತ್ತರಿಸುತ್ತದೆ.

ಜಾಗದ ವಿಷಯ. ಕೋಟೆಗಳ ಒಳಗೆ ಬೇಡ. ಚಿಂಚೋಳಿಯ ವನ್ಯಜೀವಿ ಧಾಮದಲ್ಲೂ ಬೇಡ. ಹಳೆಯ ಫರಸಿ ಗಣಿಗಳಲ್ಲಿ ನೀರು ನಿಂತಿರುತ್ತದೆ, ಅಂಚು ಕುಸಿಯುತ್ತದೆ, ಅಲ್ಲಿಗೂ ಹೋಗಬಾರದು. ನಿಮ್ಮದೇ ಅಥವಾ ಒಪ್ಪಿಗೆ ಕೊಟ್ಟ ನೆಂಟರ ಬೀಳು ಭೂಮಿ ಸಾಕು. ತೊಗರಿ ಕೊಯ್ದ ಹೊಲವನ್ನು ಮಾತ್ರ ಬಿಡಿ. ಓರೆಯಾಗಿ ಕೊಯ್ದ ತೊಗರಿ ಕೂಳೆ ಈಟಿಯ ಮೊನೆಯಷ್ಟೇ ಚೂಪು. ಟೈರು ತೂತಾದರೆ ಪಂಕ್ಚರ್ ಹಾಕಿಸಬಹುದು, ಬಿದ್ದವರ ಮೈಗೆ ಚುಚ್ಚಿದರೆ ಆಸ್ಪತ್ರೆ.

ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಎಂಟರೊಳಗೆ ಅಭ್ಯಾಸ ಮುಗಿಸಿ. ಮೊದಲ ತಿಂಗಳು ಬಂಡೆ ಬೇಡ. ಎರಡು ಇಟ್ಟಿಗೆ ದೂರದೂರ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ, ಫುಟ್‌ರೆಸ್ಟ್ ಮೇಲೆ ನಿಂತು, ನಡೆಯುವ ವೇಗದಲ್ಲಿ ಸುತ್ತಲಿ. ಕಾಲು ಊರದೆ ಸುತ್ತಲು ಬಂದಾಗ ಇಟ್ಟಿಗೆಗಳನ್ನು ಒಂದು ಗೇಣು ಹತ್ತಿರ ಸರಿಸಿ. ಯಾರಾದರೂ ದೊಡ್ಡವರು ಫೋನ್ ಕೈಯಲ್ಲಿಟ್ಟುಕೊಂಡು ಅಲ್ಲೇ ಇರಲಿ.